ಬಿಸಿಲಿನ ಬಳ್ಳಿಗೆ ಚಳಿಯ ಅಳತೆಗೋಲು

ದ್ರಾಕ್ಷಿ ಬಳ್ಳಿಗಳನ್ನು ಬೇರುಸಹಿತ ಕಿತ್ತುಹಾಕುವ ಮಾತು ಆಸ್ಟ್ರೇಲಿಯದಲ್ಲಿ ಮತ್ತೆ ಕೇಳಿಬರುತ್ತಿದೆ. ಕೆಂಪು ವೈನ್ ಅಲ್ಲಿ ಮಾರುಕಟ್ಟೆ ಹೊರಲಾರದಷ್ಟು ಕೂಡಿಬಿದ್ದಿದೆ. 2023ರಲ್ಲಿ ಆ ದೇಶದ ದಾಸ್ತಾನು 200 ಕೋಟಿ ಲೀಟರುಗಳನ್ನು ಮೀರಿತ್ತು. ಆಸ್ಟ್ರೇಲಿಯದ ವೈನಿಗೆ ಅತ್ಯಂತ ಲಾಭದಾಯಕ ಗಿರಾಕಿಯಾಗಿದ್ದ ಚೀನಾ 2020ರ ನವೆಂಬರಿನಲ್ಲಿ ಅದರ ಮೇಲೆ ದಂಡನೆಯಂಥ ಆಮದು ಸುಂಕ ಹೇರಿತು. 2021ರ ಮಾರ್ಚಿನಲ್ಲಿ ಆ ಸುಂಕ ಶೇ 218ರ ವರೆಗೂ ಏರಿತು. 2024ರ ಮಾರ್ಚ್ ಅಂತ್ಯದಲ್ಲಿ ಸುಂಕವನ್ನೇನೋ ತೆಗೆದರು. ಅಷ್ಟರಲ್ಲಿ ಚೀನೀಯರ ವೈನ್ ಸೇವನೆಯೇ ಇಳಿಮುಖವಾಗಿತ್ತು. ಬೆಳೆದ ಹಣ್ಣನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟ ರೈತರಿದ್ದಾರೆ. ಕೊಯ್ಲಿನ ಕೂಲಿಯೂ ಹುಟ್ಟದಿದ್ದರೆ ಅವರಾದರೂ ಏನು ಮಾಡಿಯಾರು? ಬೆಳೆ ತಗ್ಗಿಸದೆ ಬೆಲೆ ಏರದು, ತಗ್ಗಿಸಬೇಕಾದರೆ ಬಳ್ಳಿ ಕೀಳಬೇಕು, ಕೀಳುವುದಕ್ಕೆ ಸರ್ಕಾರ ಹಣ ಕೊಡಬೇಕು ಎಂಬ ಬೇಡಿಕೆ ಇಂಥ ಸ್ಥಿತಿಯಲ್ಲಿ ಹುಟ್ಟುವುದು ಸಹಜ.

ಈ ಬೇಡಿಕೆಯ ಮೊದಲ ಗುರಿ ಶಿರಾಜ್. ಆಸ್ಟ್ರೇಲಿಯದಲ್ಲಿ ಅತಿ ಹೆಚ್ಚು ವಿಸ್ತೀರ್ಣದಲ್ಲಿ ಬೆಳೆಯುವ ದ್ರಾಕ್ಷಿ ಅದೇ. ಸುಮಾರು 40 ಸಾವಿರ ಹೆಕ್ಟೇರುಗಳಲ್ಲಿ ಅದು ಹರಡಿದೆ. ಆ ದೇಶ ಲೋಕದ ವೈನಿಗೆ ತನ್ನದೆಂದು ಕೊಟ್ಟ ಕಾಣಿಕೆ ಇದ್ದರೆ ಅದು ಬಿಸಿಲು ಪ್ರದೇಶದ ಶಿರಾಜ್. ಆದ್ದರಿಂದ ಕೀಳುವ ಮುನ್ನ ಯಾವ ಬಳ್ಳಿ, ಎಲ್ಲಿಯ ಬಳ್ಳಿ ಎಂದು ಕೇಳುವುದು ಅಗತ್ಯ. ಹಿಂದೊಮ್ಮೆ ಹಾಗೆ ಕೇಳದೆ ಕಿತ್ತು, ಆಮೇಲೆ ಪರಿತಪಿಸಿದ ಇತಿಹಾಸ ಅಲ್ಲಿಯದೇ ಇದೆ.

ವೈನ್ ಎಂದೊಡನೆ ನಮ್ಮಲ್ಲಿ ಅನೇಕರು ಮುಖ ತಿರುಗಿಸುವುದುಂಟು. ಅದಕ್ಕೆ ಸಕಾರಣಗಳೂ ಇವೆ. ಕುಡಿಯುವುದು ಬಿಡುವುದು ಓದುಗರ ವಿವೇಚನೆಗೆ ಬಿಟ್ಟದ್ದು. ಇಲ್ಲಿರುವ ಪ್ರಶ್ನೆ ಬೇಸಾಯದ್ದು, ಹಳೆಯದನ್ನು ಯಾವ ಮಾನದಂಡದಿಂದ ಬೆಲೆಗಟ್ಟಬೇಕು ಎಂಬುದರದ್ದು.

ಶಿರಾಜ್ ಎಂಬ ಹೆಸರೇ ಒಂದು ದಾರಿ ತಪ್ಪಿಸುವ ಫಲಕ. ಕವಿ ಹಾಫಿಜನ ಊರಾದ ಪರ್ಷಿಯದ ಶಿರಾಜಿನಿಂದ ಧರ್ಮಯುದ್ಧಕ್ಕೆ ಹೋಗಿದ್ದ ಫ್ರೆಂಚ್ ಯೋಧನೊಬ್ಬ ಈ ಬಳ್ಳಿಯನ್ನು ರೋನ್ ನದಿಯ ದಂಡೆಗೆ ತಂದು ನೆಟ್ಟ ಎಂಬ ಕಥೆ ಬಹುಕಾಲ ಪ್ರಚಲಿತವಾಗಿತ್ತು. ಕಥೆ ಸೊಗಸಾಗಿದೆ, ಆದರೆ ನಿಜವಲ್ಲ. ಕ್ಯಾಲಿಫೋರ್ನಿಯದ ಕೆರೋಲ್ ಮೆರೆಡಿತ್ ಮತ್ತು ಫ್ರಾನ್ಸಿನ ಸಂಶೋಧಕರು ಸೇರಿ 1998ರಲ್ಲಿ ನಡೆಸಿದ ಡಿಎನ್‌ಎ ಪರೀಕ್ಷೆ ಈ ತಳಿಯ ತಂದೆತಾಯಿಗಳನ್ನು ಪತ್ತೆಹಚ್ಚಿತು: ತಂದೆ ದ್ಯುರೇಜಾ, ತಾಯಿ ಮೊಂದ್ಯೂಸ್ ಬ್ಲಾಂಶ್. ಎರಡೂ ಆಗ್ನೇಯ ಫ್ರಾನ್ಸಿನ ಅಪ್ರಸಿದ್ಧ ದ್ರಾಕ್ಷಿಗಳು. ಅಲ್ಲಿಗೆ ಪರ್ಷಿಯದ ಮಾತು ಮುಗಿಯಿತು. ಫ್ರೆಂಚರು ಇದನ್ನು ಸಿರಾ ಎನ್ನುತ್ತಾರೆ. 1832ರಲ್ಲಿ ಜೇಮ್ಸ್ ಬಸ್ಬಿ ಎಂಬವರು ಸ್ಪೇನ್, ಫ್ರಾನ್ಸ್‌ಗಳಲ್ಲಿ ಸಂಗ್ರಹಿಸಿದ ನೂರಾರು ಬಳ್ಳಿಗಳ ಕಡ್ಡಿಗಳನ್ನು ಸಿಡ್ನಿಗೆ ಕಳಿಸಿದರು. ಅವುಗಳಲ್ಲಿ ಇದೂ ಒಂದಿತ್ತು. ಸಿಡ್ನಿಯ ಸಸ್ಯೋದ್ಯಾನದಲ್ಲಿ ನೆಟ್ಟವು ಆರೈಕೆಯಿಲ್ಲದೆ ಹಾಳಾದವು. ಅದೃಷ್ಟವಶಾತ್ ಅಷ್ಟರಲ್ಲೇ ಕಡ್ಡಿಗಳು ಹಲವರ ಕೈಸೇರಿ ಬೇರೆಬೇರೆ ಕಡೆ ಬೇರುಬಿಟ್ಟಿದ್ದವು.

ಅವು ಅತ್ಯಂತ ಗಟ್ಟಿಯಾಗಿ ಬೇರೂರಿದ್ದು ಅಡಿಲೇಡ್ ನಗರದ ಈಶಾನ್ಯಕ್ಕಿರುವ ಬರೋಸಾ ಕಣಿವೆಯಲ್ಲಿ. ಸ್ಪೇನಿನ ಯುದ್ಧಭೂಮಿಯೊಂದರ ನೆನಪಿಗೆ ಕರ್ನಲ್ ಲೈಟ್ ಇಟ್ಟ ಹೆಸರು ಅದು. ಕಾಗುಣಿತ ತಪ್ಪಿ ಬರ್ರೋಸಾ ಹೋಗಿ ಬರೋಸಾ ಆಯಿತು. ಇಲ್ಲಿ ತೋಟ ಮಾಡಿದವರಲ್ಲಿ ಬಹುಪಾಲು ಜನ ಸೈಲೇಶಿಯದ ಜರ್ಮನರು. ಪ್ರಷ್ಯದ ಅರಸು ಎಲ್ಲ ಪ್ರೊಟೆಸ್ಟಂಟರನ್ನೂ ಒಂದೇ ಪೂಜಾವಿಧಿಗೆ ಒಳಪಡಿಸಹೊರಟಾಗ ಒಪ್ಪದೆ ದೇಶ ಬಿಟ್ಟ ಲೂಥರನ್ನರು. 1838ರಿಂದ ಹಡಗು ಹಡಗಾಗಿ ಬಂದ ಇವರು 1842ರಲ್ಲಿ ಬೆಥನಿಯನ್ನೂ ಮರುವರ್ಷ ಲಾಂಗ್‌ಮೈಲ್ ಅನ್ನೂ ಕಟ್ಟಿದರು. ಲಾಂಗ್‌ಮೈಲ್‌ನಲ್ಲಿ 1843ರಲ್ಲಿ ನೆಟ್ಟವೆಂದು ಹೇಳಲಾಗುವ ಶಿರಾಜ್ ಬಳ್ಳಿಗಳು ಇಂದಿಗೂ ಫಲ ಕೊಡುತ್ತಿವೆ. ಸಮೀಪದ ಟರ್ಕಿ ಫ್ಲ್ಯಾಟ್ ತೋಟದವು 1847ರವು. ಲೋಕದಲ್ಲಿ ಇನ್ನೂ ಕಾಯಿಬಿಡುತ್ತಿರುವ ಅತ್ಯಂತ ಹಳೆಯ ಶಿರಾಜ್ ಬಳ್ಳಿಗಳಲ್ಲಿ ಇವಕ್ಕೆ ಸ್ಥಾನವಿದೆ. ಪೂರ್ವಕ್ಕಿರುವ ಈಡನ್ ಕಣಿವೆಯಲ್ಲಿ, ಗ್ನಾಡನ್‌ಬರ್ಗ್ ಇಗರ್ಜಿಯ ಎದುರಿಗೆ, 1860ರ ಸುಮಾರಿಗೆ ನೆಟ್ಟ ಬಳ್ಳಿಗಳಿವೆ. ಆ ಜರ್ಮನ್ ಹೆಸರಿನ ಇಂಗ್ಲಿಷ್ ರೂಪವೇ ಹಿಲ್ ಆಫ್ ಗ್ರೇಸ್. ಹೆನ್ಷ್ಕಿ ಕುಟುಂಬ 1958ರಿಂದ ಆ ಹೆಸರಿನಲ್ಲಿ ಮಾಡುತ್ತಿರುವ ವೈನ್ ಇಂದು ಆಸ್ಟ್ರೇಲಿಯದ ಅತಿ ದುಬಾರಿ ವೈನ್‌ಗಳ ಸಾಲಿನಲ್ಲಿದೆ.

ಹೆಸರಿನ ವಿಷಯಕ್ಕೇ ಬಂದರೆ ಇನ್ನೊಂದು ಮಾತು. ಮೊದಲ ಮಹಾಯುದ್ಧದ ಕಾಲದಲ್ಲಿ ಈ ಜನ ತಮ್ಮ ನಾಡಿನಲ್ಲೇ ಶತ್ರುಗಳೆನಿಸಿದರು. ಲೂಥರನ್ ಶಾಲೆಗಳಿಗೆ ಬೀಗ ಬಿತ್ತು; 1917ರ ಕಾಯಿದೆಯೊಂದು ದಕ್ಷಿಣ ಆಸ್ಟ್ರೇಲಿಯದ 69 ಜರ್ಮನ್ ಸ್ಥಳನಾಮಗಳನ್ನು ಅಳಿಸಿಹಾಕಿತು. ನಾಮಫಲಕ ಬದಲಿಸಿದ ಅಧಿಕಾರಿಗಳ ಕೈ ತೋಟಗಳಿಗೆ ತಾಗಲಿಲ್ಲ. ತಾತ ನೆಟ್ಟ ಬಳ್ಳಿಯನ್ನು ಮೊಮ್ಮಕ್ಕಳು ಎಂದಿನಂತೆ ಸವರಿ, ಎಂದಿನಂತೆ ಹಣ್ಣು ಕೊಯ್ದರು.

ಯುರೋಪಿನಲ್ಲೇ ಉಳಿಯದ ಮುದಿ ಬಳ್ಳಿಗಳು ಇಲ್ಲಿ ಹೇಗೆ ಉಳಿದವು? ಉತ್ತರ ಒಂದು ಹೇನಿನಲ್ಲಿದೆ. ಫಿಲಾಕ್ಸೆರಾ ಎಂಬ, ಬೇರಿನ ರಸ ಹೀರುವ ಸಣ್ಣ ಕೀಟ ಅಮೆರಿಕದಿಂದ ಬಂದು 1860ರ ದಶಕದಿಂದೀಚೆಗೆ ಫ್ರಾನ್ಸಿನ ತೋಟಗಳನ್ನು ಸರ್ವನಾಶ ಮಾಡಿತು. ಕೊನೆಗೆ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟಿ ಬದುಕಿಸಿಕೊಳ್ಳಬೇಕಾಯಿತು. ಇಂದು ಅಲ್ಲಿರುವ ಹೆಚ್ಚುಕಡಿಮೆ ಎಲ್ಲ ಬಳ್ಳಿಗಳೂ ಪರರ ಕಾಲಿನ ಮೇಲೆ ನಿಂತಿರುವಂಥವು. 1877ರಲ್ಲಿ ಈ ಪಿಡುಗು ಆಸ್ಟ್ರೇಲಿಯದ ಜೀಲಾಂಗ್ ಪ್ರದೇಶವನ್ನೂ ಮುಟ್ಟಿತು. ದಕ್ಷಿಣ ಆಸ್ಟ್ರೇಲಿಯ 1899ರಲ್ಲಿ ಕಾಯಿದೆ ಮಾಡಿ ಹೊರಗಿನ ಬಳ್ಳಿಗೆ ತನ್ನ ಗಡಿಯನ್ನು ಬಿಗಿಗೊಳಿಸಿತು. ಆ ರಾಜ್ಯದೊಳಕ್ಕೆ ಹೇನು ಈವರೆಗೂ ನುಸುಳಿಲ್ಲ. ಹಾಗಾಗಿ ಬರೋಸಾದ ಹಳೆಯ ಶಿರಾಜ್ ತನ್ನ ಸ್ವಂತ ಬೇರಿನ ಮೇಲೆ ನಿಂತಿದೆ. ಯುರೋಪಿನಲ್ಲಿ ಹೇನು ತಿಂದುಹಾಕಿದ ಕಾಲಕ್ಕೂ ಹಿಂದಿನ ವಂಶವೈವಿಧ್ಯ ಅದರಲ್ಲಿ ಉಳಿದುಬಂದಿದೆ. ನಾಳೆ ಹೊಸ ರೋಗವೋ ಹೊಸ ತಾಪಮಾನವೋ ಎದುರಾದಾಗ ಕಡ್ಡಿ ಆರಿಸಿಕೊಳ್ಳಲು ಇಂಥ ಭಂಡಾರ ಬೇಕಾಗುತ್ತದೆ. ಹಳೆಯ ಬಳ್ಳಿಯ ವೈನ್ ಹೆಚ್ಚು ರುಚಿಯೇ ಎಂಬ ಚರ್ಚೆ ರಸಿಕರಿಗಿರಲಿ, ಈ ಒಂದು ಕಾರಣವೇ ಅದನ್ನು ಕಾಪಾಡಲು ಸಾಕು.

ಇನ್ನು ರುಚಿಯ ಮಾತು. ಇಲ್ಲಿ ನಮ್ಮ ಭಾಷೆ ಇಂಗ್ಲಿಷಿಗಿಂತ ಹೆಚ್ಚು ನೆರವಿಗೆ ಬರುತ್ತದೆ. ವೈನ್ ಪಂಡಿತರು ಟ್ಯಾನಿನ್ ಎಂದು ಕರೆಯುವ ಗುಣವನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ಕನ್ನಡಿಗರಿಗೆ ‘ಒಗರು’ ಎಂದರೆ ಮುಗಿಯಿತು. ಚೆನ್ನಾಗಿ ಮಾಗಿದ ನೇರಳೆ ಹಣ್ಣು ತಿಂದವರಿಗೆ ಬಿಸಿಲು ನಾಡಿನ ಶಿರಾಜಿನ ಬಣ್ಣ ಮತ್ತು ಒಗರಿನ ಬಗ್ಗೆ ಅರ್ಧ ತಿಳಿದಂತೆ. ಅದರ ಮೇಲೆ ಕಪ್ಪು ಪ್ಲಮ್ಮಿನ ಸಿಹಿ, ಕಹಿ ಚಾಕೊಲೇಟಿನ ನೆನಪು, ಜ್ಯೇಷ್ಠಮಧುವಿನ ಕಂಪು. ಗಂಟಲಿಗಿಳಿಯುವಾಗ ಒಂದು ಬೆಚ್ಚನೆಯ ಭಾವ.

ಇದೆಲ್ಲ ಬಿಸಿಲಿನ ಕೆಲಸ. ಬರೋಸಾದಲ್ಲಿ ಮಳೆ ಬೀಳುವುದು ಚಳಿಗಾಲಕ್ಕೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್, ಅಂದರೆ ನಮ್ಮ ಬಯಲುಸೀಮೆಯ ಮಳೆ. ಬೇಸಿಗೆ ಒಣಗಿ ಉರಿಯುತ್ತದೆ. ಅಂಥ ಬಿಸಿಲಿನಲ್ಲಿ ಹಣ್ಣಿನೊಳಗಿನ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಕರಗುತ್ತದೆ. ಮ್ಯಾಲಿಕ್ ಆಮ್ಲವನ್ನು ಕಾಯಿ ತನ್ನ ಉಸಿರಾಟದಲ್ಲೇ ಸುಟ್ಟುಕೊಳ್ಳುತ್ತದೆ. ಸಕ್ಕರೆ ಹೆಚ್ಚಿದರೆ ಹುದುಗುವಾಗ ಆಲ್ಕೋಹಾಲ್ ಹೆಚ್ಚುತ್ತದೆ. ಶೇ 14ರಿಂದ 15 ಇಲ್ಲಿ ಸಾಮಾನ್ಯ. ಸಿಪ್ಪೆ ಪೂರ್ಣ ಮಾಗುವುದರಿಂದ ಒಗರು ಕಚ್ಚುವುದಿಲ್ಲ, ಮೆತ್ತಗಾಗುತ್ತದೆ. ಕೊರತೆಯಾದ ಹುಳಿಯನ್ನು ಟಾರ್ಟಾರಿಕ್ ಆಮ್ಲ ಬೆರೆಸಿ ಸರಿದೂಗಿಸುವುದು ಅಲ್ಲಿ ಕಾನೂನುಬದ್ಧ ಪದ್ಧತಿ. ಯುರೋಪಿನ ತಂಪು ಪ್ರದೇಶಗಳಲ್ಲಿ ಇದಕ್ಕೆ ವಿರುದ್ಧವಾಗಿ, ಹಣ್ಣು ಮಾಗದ ವರ್ಷಗಳಲ್ಲಿ ರಸಕ್ಕೆ ಸಕ್ಕರೆ ಬೆರೆಸುತ್ತಾರೆ. ಸಕ್ಕರೆ ಬೆರೆಸಿದ್ದು ಸಂಪ್ರದಾಯವೆನಿಸಿತು, ಹುಳಿ ಬೆರೆಸಿದ್ದು ಕೃತಕವೆನಿಸಿತು!

ತಂಪು ನಾಡಿನ ಸಿರಾದ ಹೆಗ್ಗಳಿಕೆ ಬೇರೆ: ಕಾಳುಮೆಣಸಿನ ಘಾಟು. ಇದು ಉಪಮೆಯಷ್ಟೇ ಅಲ್ಲ. ಆಸ್ಟ್ರೇಲಿಯದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಶೋಧದಂತೆ, ಶಿರಾಜಿಗೆ ಮೆಣಸಿನ ಕಂಪು ಕೊಡುವುದು ರೋಟಂಡೋನ್ ಎಂಬ ವಸ್ತು. ಅದೇ ವಸ್ತು ನಮ್ಮ ಮಲೆನಾಡಿನ ಅಡಿಕೆ ಮರಗಳಿಗೆ ಹಬ್ಬುವ ಮೆಣಸಿನ ಬಳ್ಳಿಯ ಕಾಳಿನಲ್ಲಿ ಹೇರಳವಾಗಿದೆ. ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿ ಅದರಲ್ಲಿ 16 ಭಾಗವನ್ನು ಒಂದು ಲೀಟರ್ ಕೆಂಪು ವೈನಿಗೆ ಹಾಕಿದರೂ ಮೂಗಿಗೆ ಗೊತ್ತಾಗುತ್ತದಂತೆ. ವಿಚಿತ್ರವೆಂದರೆ, ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐದನೇ ಒಂದು ಪಾಲು ಜನಕ್ಕೆ ಈ ವಾಸನೆ ಸ್ವಲ್ಪವೂ ತಿಳಿಯಲಿಲ್ಲ. ಒಂದೇ ಲೋಟದ ವೈನ್ ಇಬ್ಬರಿಗೆ ಎರಡು ವೈನ್. ರೋಟಂಡೋನ್ ತಂಪಿನಲ್ಲಿ ಹೆಚ್ಚು, ಬಿಸಿಲಿನಲ್ಲಿ ಕಡಿಮೆ. ಬರೋಸಾದ ಶಿರಾಜಿನಲ್ಲಿ ಮೆಣಸು ಮಂದವಾಗಿ ಹಣ್ಣು ಮುಂದೆ ಬರುವುದು ಹೀಗೆ. ಕೆಲವು ತೋಟಗಳ ವೈನಿನಲ್ಲಿ ನೀಲಗಿರಿ ಎಣ್ಣೆಯ ಸುಳಿವು ಸಿಗುವುದುಂಟು. ಅದೂ ಕಲ್ಪನೆಯಲ್ಲ, ಪಕ್ಕದ ನೀಲಗಿರಿ ಮರಗಳ ಎಣ್ಣೆಯ ಅಂಶ ಗಾಳಿಯಲ್ಲಿ ಬಂದು ಹಣ್ಣಿನ ಮೇಲೆ, ಎಲೆಯ ಮೇಲೆ ಕೂರುತ್ತದೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ವೈನಿನ ಒಳ್ಳೆಯದು ಕೆಟ್ಟದ್ದನ್ನು ತೂಗುವ ತಕ್ಕಡಿ ತಯಾರಾದದ್ದು ಬೋರ್ಡೊ, ಬರ್ಗಂಡಿ, ಲಂಡನ್‌ಗಳಲ್ಲಿ. ಹಣ್ಣು ಮಾಗುವುದೇ ಕಷ್ಟವಾದ ನಾಡಿನಲ್ಲಿ ಹುಟ್ಟಿದ ಆ ಅಭಿರುಚಿಗೆ ಹುಳಿಯ ಚುರುಕು, ಸಂಯಮ, ಸೂಕ್ಷ್ಮತೆಗಳು ಸದ್ಗುಣವಾಗಿ ಕಂಡವು. ಮಾಗುವುದೇ ಸಹಜವಾದ ನಾಡಿನ ವೈನ್ ಅದರ ಪಾಲಿಗೆ ಒರಟು, ಅತಿ, ಹಣ್ಣಿನ ಜಾಮು. ಆಸ್ಟ್ರೇಲಿಯನ್ನರೂ ಈ ತೀರ್ಪನ್ನು ಬಹುಕಾಲ ತಲೆಬಾಗಿ ಒಪ್ಪಿಕೊಂಡರು. ತಮ್ಮ ಶಿರಾಜಿಗೆ ಹರ್ಮಿಟೇಜ್ ಎಂದೋ ಬರ್ಗಂಡಿ ಎಂದೋ ಫ್ರಾನ್ಸಿನ ಊರುಗಳ ಹೆಸರು ಅಂಟಿಸಿ ಮಾರಿದರು. ಯುರೋಪಿನೊಂದಿಗೆ 1994ರಲ್ಲಿ ಒಪ್ಪಂದವಾದ ಮೇಲೆ ಆ ಎರವಲು ಹೆಸರುಗಳು ಒಂದೊಂದಾಗಿ ಮರೆಯಾದವು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಂತೂ ಈ ಬಿಸಿಲಿನ ಹಣ್ಣು ಬ್ರಾಂದಿ ಬೆರೆಸಿದ ಸಿಹಿ ವೈನಿಗೆ ಮಾತ್ರ ಲಾಯಕ್ಕು ಎಂಬುದು ಸ್ಥಾಪಿತ ಅಭಿಪ್ರಾಯವಾಗಿತ್ತು. ಬ್ರಿಟನ್ನಿಗೆ ಅದೇ ಪೀಪಾಯಿಗಟ್ಟಲೆ ಹೋಗುತ್ತಿತ್ತು.

ಆ ಅಭಿಪ್ರಾಯವನ್ನು ಮುರಿದವರು ಪೆನ್‌ಫೋಲ್ಡ್ಸ್ ಕಂಪನಿಗೆ ಹುಡುಗನಾಗಿದ್ದಾಗಲೇ ಸೇರಿ ಮುಖ್ಯ ತಯಾರಕರಾದ ಮ್ಯಾಕ್ಸ್ ಶುಬರ್ಟ್. 1950ರಲ್ಲಿ ಶೆರಿ ಮಾಡುವುದನ್ನು ನೋಡಿಬರಲೆಂದು ಕಂಪನಿ ಅವರನ್ನು ಯುರೋಪಿಗೆ ಕಳಿಸಿತು. ಅವರು ಬೋರ್ಡೊದಲ್ಲಿ ದಶಕಗಳ ಕಾಲ ಬಾಳಿದ ವೈನ್‌ಗಳನ್ನು ಕಂಡುಬಂದರು. ತಮ್ಮಲ್ಲಿ ಬೋರ್ಡೊದ ದ್ರಾಕ್ಷಿ ಸಾಕಷ್ಟಿರಲಿಲ್ಲ, ಶಿರಾಜ್ ಇತ್ತು. ಫ್ರಾನ್ಸಿನ ಓಕ್ ಪೀಪಾಯಿ ಇರಲಿಲ್ಲ, ಅಮೆರಿಕದ ಓಕ್ ಸಿಕ್ಕಿತು. ಇದ್ದದ್ದರಲ್ಲೇ 1951ರಲ್ಲಿ ಗ್ರೇಂಜ್ ಎಂಬ ವೈನಿನ ಪ್ರಯೋಗ ಆರಂಭವಾಯಿತು. ಆ ಮೊದಲ ಕೊಯ್ಲುಗಳ ರುಚಿ ನೋಡಿದ ಗಣ್ಯರು ಮುಖ ಸಿಂಡರಿಸಿದರು. 1957ರಲ್ಲಿ ನಿಲ್ಲಿಸಬೇಕೆಂದು ಆಡಳಿತ ಮಂಡಳಿಯ ಆದೇಶ ಬಂತು. ಶುಬರ್ಟ್ ನಿಲ್ಲಿಸಲಿಲ್ಲ. 1957, 58, 59ರ ಕೊಯ್ಲುಗಳನ್ನು ಮೇಲಿನವರ ಕಣ್ಣಿಗೆ ಬೀಳದಂತೆ ನೆಲಮಾಳಿಗೆಯಲ್ಲಿ ಬಚ್ಚಿಟ್ಟರು. ವಯಸ್ಸಾದಂತೆ ಮೊದಲಿನ ವೈನ್‌ಗಳ ಸೊಗಸು ಹೊರಬರತೊಡಗಿದಾಗ, 1960ರಲ್ಲಿ, ಅದೇ ಮಂಡಳಿ ಮತ್ತೆ ಮಾಡಿರೆಂದು ಹೇಳಿತು. 1955ರ ಗ್ರೇಂಜ್ ಮುಂದೆ ಪದಕಗಳ ಮೇಲೆ ಪದಕ ಗಳಿಸಿತು. 1990ರ ಗ್ರೇಂಜ್ ಅನ್ನು ಅಮೆರಿಕದ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ 1995ರಲ್ಲಿ ವರ್ಷದ ಅತ್ಯುತ್ತಮ ವೈನ್ ಎಂದು ಆರಿಸಿತು. ಶುಬರ್ಟ್ ಅದನ್ನು ಕಾಣಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಗ್ರೇಂಜ್ ಗೆದ್ದರೂ ತೋಟಗಳು ಸೋಲುತ್ತಿದ್ದವು ಎಂಬುದು ಈ ಇತಿಹಾಸದ ವಿಪರ್ಯಾಸ. 1970ರ ದಶಕದ ಕೊನೆಗೆ ಜನರ ಒಲವು ಬಿಳಿ ವೈನಿನತ್ತ ವಾಲಿತು. ಕೆಂಪಿನಲ್ಲೂ ಬೇಡಿಕೆ ಕ್ಯಾಬರ್ನೆಗೆ, ಅದರಲ್ಲೂ ತಂಪು ಪ್ರದೇಶದ್ದಕ್ಕೆ. ಬರೋಸಾದ ಖುಷ್ಕಿ ಶಿರಾಜ್ ಕೇಳುವವರಿಲ್ಲದೆ ಬಿತ್ತು. ಪೀಟರ್ ಲೇಮನ್ ಎಂಬ ತಯಾರಕರು ದುಡಿಯುತ್ತಿದ್ದ ಕಂಪನಿ, ಬೆಳೆಗಾರರ ಹಣ್ಣು ಇನ್ನು ಕೊಳ್ಳಕೂಡದೆಂದು ಅವರಿಗೆ ಅಪ್ಪಣೆ ಮಾಡಿತು. ಬೆಳೆಗಾರರಿಗೆ ಲೇಮನ್ ಮಾತು ಕೊಟ್ಟಿದ್ದರು, ಅದೂ ಕಾಗದದ ಮೇಲಲ್ಲ, ಕೈಕುಲುಕಿ. ಅವರು 1979ರಲ್ಲಿ ಸಾಲಸೋಲ ಮಾಡಿ ಸ್ವಂತ ಉದ್ಯಮ ಹೂಡಿ ಆ ಹಣ್ಣು ಕೊಂಡರು. ಅದಕ್ಕೆ ಇಟ್ಟ ಹೆಸರು ಡೇಮನ್ ರನ್ಯನ್ ಅವರ ಕಥೆಗಳಲ್ಲಿ ಬರುವ ಜೂಜುಗಾರ ಮಾಸ್ಟರ್‌ಸನ್‌ನದು. ನಿಜಕ್ಕೂ ಅದು ಜೂಜೇ.

ಸರ್ಕಾರ ಹಿಡಿದದ್ದು ಬೇರೆ ದಾರಿ. 1980ರ ದಶಕದ ಮಧ್ಯದಲ್ಲಿ ‘ವೈನ್ ಪುಲ್’ ಹೆಸರಿನ ಯೋಜನೆ ಬಂತು. ಇಲ್ಲಿ ವೈನ್ ಎಂದರೆ ಬಳ್ಳಿ. ತೋಟ ಕಿತ್ತುಹಾಕಿದ ರೈತನಿಗೆ ಹೆಕ್ಟೇರಿಗೆ ಇಷ್ಟೆಂದು ಪರಿಹಾರ. ಯೋಜನೆಗೆ ಬಳ್ಳಿಯ ವಯಸ್ಸು ಮುಖ್ಯವಾಗಿರಲಿಲ್ಲ. ಕಾಗದದ ಮೇಲಿನ ಲೆಕ್ಕದಲ್ಲಿ ಹೆಕ್ಟೇರೆಂದರೆ ಹೆಕ್ಟೇರು. ಪರಿಣಾಮ ಊಹಿಸಬಹುದಾದದ್ದೇ. ಕಡಿಮೆ ಇಳುವರಿಯ ತೋಟವನ್ನೇ ರೈತ ಮೊದಲು ಬಿಟ್ಟುಕೊಡುತ್ತಾನೆ. ಕಡಿಮೆ ಇಳುವರಿ ಇರುವುದು ಮುದಿ ಬಳ್ಳಿಗಳಲ್ಲಿ. ನೂರು ವರ್ಷ ಬರ, ಯುದ್ಧ, ಹೇನಿನ ಭಯ ಎಲ್ಲವನ್ನೂ ದಾಟಿ ಬಂದ ಶಿರಾಜ್ ಮತ್ತು ಗ್ರೆನಾಶ್ ಬಳ್ಳಿಗಳು ಟ್ರ್ಯಾಕ್ಟರಿನ ಸರಪಳಿಗೆ ಸಿಕ್ಕಿ ಸೌದೆಯಾದವು, ಸರ್ಕಾರದ ಹಣದಲ್ಲಿ. ಹತ್ತು ವರ್ಷ ಕಳೆಯುವುದರೊಳಗೆ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಬರೋಸಾದ ಹಳೆಯ ಬಳ್ಳಿಯ ಶಿರಾಜನ್ನು ಹಾಡಿಹೊಗಳುತ್ತಿದ್ದರು. ನೂರಕ್ಕೆ ತೊಂಬತ್ತೆಂಟು, ತೊಂಬತ್ತೊಂಬತ್ತು ಅಂಕ. ಕಿತ್ತವರು ಮತ್ತೆ ನೆಟ್ಟರು. ನೆಟ್ಟರೇನು, ಹೊಸ ಬಳ್ಳಿಗೆ ನೂರು ವರ್ಷ ತುಂಬಲು ನೂರು ವರ್ಷವೇ ಬೇಕು.

ಹೊಗಳಿಕೆಯೂ ಅಷ್ಟೇ ಹಾನಿ ಮಾಡಿತು ಎಂಬುದನ್ನು ಮರೆಮಾಚಬೇಕಿಲ್ಲ. ಅಂಕದ ಆಸೆಗೆ ಕೆಲವರು ಹಣ್ಣನ್ನು ಬಳ್ಳಿಯಲ್ಲೇ ಬಾಡುವವರೆಗೆ ಬಿಟ್ಟು, ಶೇ 16ರ ಆಸುಪಾಸಿನ ಆಲ್ಕೋಹಾಲ್ ಬರಿಸಿ, ಹೊಸ ಓಕಿನ ವಾಸನೆಯಲ್ಲಿ ಅದ್ದಿ, ಊಟದ ಜೊತೆ ಎರಡನೇ ಲೋಟ ಸೇರದಂಥ ವೈನ್‌ಗಳನ್ನು ಮಾಡಿದರು. ಅವನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಇನ್ನೊಂದು ತುದಿಯಲ್ಲಿ 2001ರಲ್ಲಿ ಅಮೆರಿಕಕ್ಕೆ ಕಾಲಿಟ್ಟ ಯೆಲ್ಲೋ ಟೇಲ್ ಎಂಬ ಅಗ್ಗದ, ಸಿಹಿ ಬೆರೆತ ವೈನ್ ಅಪಾರವಾಗಿ ಮಾರಾಟವಾಯಿತು. ಆಸ್ಟ್ರೇಲಿಯದ ಶಿರಾಜ್ ಎಂದರೆ ಇಷ್ಟೇ ಎಂಬ ಭಾವನೆ ಬೇರೂರಿತು. ಅಂತೂ ಅತಿ ದುಬಾರಿಯಾದದ್ದೂ ಅತಿ ಅಗ್ಗದ್ದೂ ಸೇರಿ ನಡುವಿನ ನಿಜವಾದ ವೈನನ್ನು ಮರೆಮಾಡಿದವು. ಅದಾದ ಮೇಲೆ ಪಂಡಿತರ ಒಲವು ಮತ್ತೆ ತಂಪಿನ ಕಡೆಗೆ ತಿರುಗಿತು. ತಂಪು ಪ್ರದೇಶದ ಆಸ್ಟ್ರೇಲಿಯನ್ನರು ತಮ್ಮ ಶೀಶೆಯ ಮೇಲೆ ಶಿರಾಜ್ ಬಿಟ್ಟು ಸಿರಾ ಎಂದು ಬರೆದುಕೊಳ್ಳುವುದು ಇಂದು ಒಂದು ಶೈಲಿ. ಬಿಸಿಲು ಮತ್ತೊಮ್ಮೆ ಮುಜುಗರದ ಸಂಗತಿಯಾಗಿದೆ.

ಇಂಥ ಹೊತ್ತಿನಲ್ಲಿ ಕೀಳುವ ಮಾತು ಬಂದಿರುವುದರಿಂದ ಆತಂಕ. ಹೆಚ್ಚುವರಿಯ ದೊಡ್ಡ ಪಾಲು ಬರುವುದು ಮರ್ರೆ ನದಿಯ ನೀರು ಹಾಯಿಸಿ ಬೆಳೆಯುವ ರಿವರ್‌ಲ್ಯಾಂಡಿನಂಥ ತರಿ ಪ್ರದೇಶಗಳಿಂದ. ಅಲ್ಲಿಯ ರೈತರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಗ್ರೀಸ್, ಇಟಲಿ ಮತ್ತು ನಮ್ಮ ಪಂಜಾಬಿನಿಂದ ಹೋಗಿ ನೆಲೆಸಿದ ಕುಟುಂಬಗಳು ದೊಡ್ಡ ಕಂಪನಿಗಳು ಕೇಳಿದ್ದನ್ನು ಬೆಳೆದವು. ಈಗ ಕಂಪನಿಗಳು ಕೈಚೆಲ್ಲಿವೆ. ಅವರು ಗೌರವದಿಂದ ಬೇರೆ ಬೆಳೆಗೆ ಸಾಗಲು ಸಾರ್ವಜನಿಕ ಹಣ ಬೇಕಾದರೆ ಕೊಡಲಿ. ಆದರೆ ‘ಹೆಕ್ಟೇರೆಂದರೆ ಹೆಕ್ಟೇರು’ ಎಂಬ ಹಳೆಯ ಲೆಕ್ಕದಲ್ಲಿ ಕೊಟ್ಟರೆ ಮತ್ತೆ ಮೊದಲು ಬಲಿಯಾಗುವುದು ಮುದಿ ಬಳ್ಳಿಯೇ.

ಬರೋಸಾದವರು 2009ರಲ್ಲಿ ಹಳೆಯ ಬಳ್ಳಿಗಳ ಸನ್ನದು ಎಂಬುದನ್ನು ಮಾಡಿಕೊಂಡಿದ್ದಾರೆ. 35 ವರ್ಷ ದಾಟಿದ್ದು ‘ಹಳೆಯದು’, 70 ದಾಟಿದ್ದು ‘ಬದುಕುಳಿದದ್ದು’, ನೂರು ದಾಟಿದ್ದು ‘ಶತಾಯುಷಿ’, 125 ದಾಟಿದ್ದು ‘ಪೂರ್ವಜ’. ಹೆಸರುಗಳು ಚೆನ್ನಾಗಿವೆ. ಆದರೆ ಪೂರ್ವಜನನ್ನು ನಾಳೆ ಬೆಳಿಗ್ಗೆ ಕಿತ್ತರೆ ತಡೆಯುವ ಬಲ ಆ ಸನ್ನದಿಗಿಲ್ಲ. 2012ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಸಂಸತ್ತು ಬರೋಸಾದ ವೈಶಿಷ್ಟ್ಯ ರಕ್ಷಿಸಲು ಕಾಯಿದೆಯನ್ನೇ ಮಾಡಿ, ಹೊಲಗಳು ಬಡಾವಣೆಗಳಾಗುವುದಕ್ಕೆ ತಡೆ ಹಾಕಿತು. ಅದು ಭೂಮಿಯನ್ನು ಕಾಯುತ್ತದೆ, ಬಳ್ಳಿಯನ್ನಲ್ಲ. ಹಳೆಯ ಕಟ್ಟಡವೊಂದನ್ನು ಪಾರಂಪರಿಕ ಪಟ್ಟಿಗೆ ಸೇರಿಸಿದ ಸಮಾಜ, ಅದಕ್ಕಿಂತ ಹಳೆಯ ಜೀವಂತ ಬಳ್ಳಿಯನ್ನು ಆ ವರ್ಷದ ಹಣ್ಣಿನ ದರಕ್ಕೆ ಬಿಟ್ಟುಕೊಡುವುದರಲ್ಲಿ ತರ್ಕವಿಲ್ಲ.

ಮುದಿ ಬಳ್ಳಿ ಸಾಕುವ ಖರ್ಚು ಯಾರದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಳುವರಿ ಕಡಿಮೆ, ಕೈಯಲ್ಲೇ ಸವರಬೇಕು, ಕೈಯಲ್ಲೇ ಕೊಯ್ಯಬೇಕು. ಹೆಸರಾಂತ ಕಂಪನಿಗೆ ಹಣ್ಣು ಹಾಕುವವನಿಗೆ ಅದು ಗಿಟ್ಟೀತು, ಉಳಿದವರಿಗೆ ಹೊರೆ. ಕೀಳಲು ಹಣ ಕೊಟ್ಟ ಸರ್ಕಾರ ಉಳಿಸಲೂ ಕೊಡಬಹುದು ಎಂಬುದೇ ನನ್ನ ಉತ್ತರ. ಪಟ್ಟಿ ಮಾಡಿ, ವಯಸ್ಸು ದಾಖಲಿಸಿ, ನೂರು ದಾಟಿದ ತೋಟಕ್ಕೆ ಯಾವ ಕೀಳುವ ಯೋಜನೆಯೂ ಅನ್ವಯಿಸದಂತೆ ಮಾಡಿ, ಅದರ ಒಡೆಯನಿಗೆ ವರ್ಷಾಸನದಂಥ ನೆರವು ಕೊಟ್ಟರೆ ಬೊಕ್ಕಸ ಬರಿದಾಗದು. ಅಂಥ ತೋಟಗಳು ಒಟ್ಟು ವಿಸ್ತೀರ್ಣದಲ್ಲಿ ಸಣ್ಣ ತುಣುಕು ಮಾತ್ರ.

ಈ ಜಗಳ ನಮಗೂ ತೀರ ದೂರದ್ದಲ್ಲ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ–ಆಸ್ಟ್ರೇಲಿಯ ವ್ಯಾಪಾರ ಒಪ್ಪಂದದಂತೆ, 15 ಡಾಲರಿಗೂ ಮೇಲ್ಪಟ್ಟ ಶೀಶೆಯ ಮೇಲಿನ ಸುಂಕ ಶೇ 150ರಿಂದ 75ಕ್ಕೆ ಇಳಿದಿದೆ, ಹತ್ತು ವರ್ಷಗಳಲ್ಲಿ 25ಕ್ಕೆ ಇಳಿಯಲಿದೆ. ಬೆಂಗಳೂರಿನ ಅಂಗಡಿಗಳಲ್ಲಿ ಬರೋಸಾದ ಶಿರಾಜ್ ನಂದಿಬೆಟ್ಟದ ತಪ್ಪಲಿನ ಶಿರಾಜಿನ ಪಕ್ಕದಲ್ಲೇ ಕೂರುತ್ತಿದೆ. ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ತಂದು ನೆಟ್ಟಾಗಿನಿಂದ ಶಿರಾಜ್ ನಮ್ಮದೂ ಹೌದು. ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. ಬೆಳೆಗಾರರು ಚಾಟ್ನಿ ಎಂದು ಕರೆಯುವ ಸವರುವ ಕೆಲಸವನ್ನು ವರ್ಷಕ್ಕೆರಡು ಬಾರಿ ಮಾಡಿ ಒಂದೇ ಫಸಲು ತೆಗೆಯುತ್ತಾರೆ. ಬರೋಸಾಕ್ಕೂ ನಮಗೂ ಹವೆ ಒಂದೇ ಅಲ್ಲ. ಆದರೂ ಬಿಸಿಲಿನ ಹಣ್ಣಿನ ಪಾಠ ಕಲಿಯಬೇಕಾದರೆ ಅಲ್ಲಿಂದ ಕಲಿಯಬೇಕೇ ಹೊರತು ಬೋರ್ಡೊದಿಂದಲ್ಲ. ನಮ್ಮ ಕೆಂಪು ವೈನಿನ ಬಗ್ಗೆ ಮಹಾನಗರದ ರಸಿಕರು ಹೇಳುವ ಮಾತು ಕೇಳಿದರೆ, ಲಂಡನ್ ಎಂದೋ ಆಸ್ಟ್ರೇಲಿಯಕ್ಕೆ ಹೇಳಿದ್ದೇ ಪ್ರತಿಧ್ವನಿಸಿದಂತಿರುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಾನ್ಯತೆ ಬರುವ ಮೊದಲೇ ದೇವನಹಳ್ಳಿ ಸುತ್ತಿನ ಎಷ್ಟೋ ಚಪ್ಪರಗಳು ನಿವೇಶನಗಳಾಗಿದ್ದವು.

ಬರೋಸಾದಲ್ಲೂ ಬಡಾವಣೆಯ ಹಸಿವು ಹೊಸದಲ್ಲ. ನೂರು ದಾಟಿದ ಶಿರಾಜ್ ಬಳ್ಳಿಗಳಿದ್ದ ಜಾಗವೊಂದು ಮನೆಗಳಿಗೆ ಹೋಗುವುದು ಖಚಿತವಾದಾಗ, 2006ರಲ್ಲಿ, ಲಾಂಗ್‌ಮೈಲ್‌ನ ಒಡೆಯರು ಬುಲ್ಡೋಜರಿಗಿಂತ ಮೊದಲು ಅಲ್ಲಿಗೆ ಹೋದರು. ಹತ್ತು ಸಾಲು ಬಳ್ಳಿಗಳನ್ನು ಬೇರಿನ ಮಣ್ಣಿನ ಸಮೇತ ಅಗೆದೆತ್ತಿ, ಸಾಗಿಸಿ, ನಾರ್ತ್ ಪ್ಯಾರಾ ನದಿಯ ದಂಡೆಯಲ್ಲಿ ಮತ್ತೆ ನೆಟ್ಟರು. ಅಷ್ಟು ವಯಸ್ಸಿನ ಬಳ್ಳಿಯನ್ನು ಕಿತ್ತು ನೆಟ್ಟರೆ ಬದುಕೀತೆಂಬ ಭರವಸೆ ಯಾರಿಗಿದ್ದೀತು? ಬಳ್ಳಿಗಳು ಚಿಗುರಿದವು. ಅವುಗಳ ಹೆಸರಿನಲ್ಲಿ ಮಾಡುವ ವೈನನ್ನು ‘ಆರ್ಫನ್ ಬ್ಯಾಂಕ್’, ಅಂದರೆ ಅನಾಥರ ದಂಡೆ, ಎಂದು ಕರೆಯುತ್ತಾರೆ.